ತೆಂಗಿನ ಸೀಮೆಯೂ ಸರಕಿನ ಹಡಗುಗಳೂ

ಕೆಲವು ವರ್ಷಗಳ ಹಿಂದೆ ನಾವು ತರಗತಿಯಲ್ಲಿ ಸಮುದ್ರ ವ್ಯಾಪಾರದ ಚರಿತ್ರೆಯನ್ನು ಹೇಳುತ್ತಿದ್ದಾಗ, ತುರುವೇಕೆರೆಯ ಕಡೆಯಿಂದ ಬಂದಿದ್ದ ವಿದ್ಯಾರ್ಥಿಯೊಬ್ಬನು ಎದ್ದುನಿಂತು, “ಸಾರ್, ನಮ್ಮ ತಂದೆ ತಾತಂದಿರು ಯಾರೂ ಸಮುದ್ರವನ್ನು ಕಂಡವರಲ್ಲ. ನಮ್ಮದು ತೆಂಗಿನ ತೋಟ. ಹಡಗಿನ ಚರಿತ್ರೆಯಿಂದ ನಮಗೇನು?” ಎಂದು ಕೇಳಿದನು. ಆ ಹೊತ್ತಿಗೆ ಏನೋ ಒಂದು ಸಮಾಧಾನ ಹೇಳಿ ಪಾಠವನ್ನು ಮುಂದುವರಿಸಿದೆವು. ಆದರೆ ಆ ಸಮಾಧಾನ ನಮಗೇ ಒಪ್ಪಿಗೆಯಾಗಲಿಲ್ಲ. ಈ ದಿನದ ಭಾಷಣವನ್ನು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ಶ್ರೋತೃಗಳು ಭಾವಿಸಬೇಕು.

ವ್ಯಾಪಾರದ ಹಡಗುಗಳಲ್ಲಿ ಹಲವು ಜಾತಿಗಳುಂಟು. ಚೀಲ ಪೆಟ್ಟಿಗೆಗಳನ್ನು ಹೊರುವುದು ಒಂದು. ಎಣ್ಣೆಯನ್ನು ಒಡಲಿನಲ್ಲಿ ತುಂಬಿಕೊಂಡು ಹೋಗುವುದು ಇನ್ನೊಂದು. ಅದಿರು, ಧಾನ್ಯ, ಕಲ್ಲಿದ್ದಲುಗಳನ್ನು ರಾಶಿರಾಶಿಯಾಗಿ ಸುರಿದುಕೊಳ್ಳುವುದು ಮತ್ತೊಂದು. ಇವನ್ನೆಲ್ಲ ಹಡಗು ಕಟ್ಟುವವರು ತಮ್ಮ ಇಚ್ಛೆಗೆ ಬಂದಂತೆ ಕಲ್ಪಿಸಿದರೆಂದು ತಿಳಿಯಬಾರದು. ಸರಕಿನ ಗುಣವು ಹಡಗಿನ ಆಕಾರವನ್ನು ನಿರ್ಣಯಿಸಿತು. ಹಡಗಿನ ಆಕಾರವು ತಿರುಗಿ ಸರಕಿನ ಬೆಲೆಯನ್ನು ನಿರ್ಣಯಿಸಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದಲ್ಲಿ ನಿಂತು ನೋಡಿದರೂ ಈ ಮಾತು ಸ್ಪಷ್ಟವಾಗಿ ಕಾಣುವುದೆಂದು ನಮ್ಮ ನಂಬಿಕೆ.

ಮೊದಲು ನಮ್ಮ ಸೀಮೆಯ ಸರಕನ್ನೇ ನೋಡೋಣ. ಬಲಿತ ಕಾಯನ್ನು ಮಟ್ಟೆಯೊಡನೆಯೇ ಅಟ್ಟಕ್ಕೇರಿಸಿ, ಹತ್ತು ಹನ್ನೊಂದು ತಿಂಗಳು ಹಾಗೆಯೇ ಬಿಡುವರು. ಒಳಗಿನ ನೀರು ತಾನಾಗಿ ಇಂಗುವುದು. ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುವುದು. ಆಮೇಲೆ ಮಟ್ಟೆ ಸುಲಿದು, ಚಿಪ್ಪನ್ನು ಒಡೆದರೆ ಇಡೀ ಗಿಟುಕು ಹೊರಬರುವುದು. ಇದೇ ತಿಪಟೂರಿನ ಉಂಡೆ ಕೊಬ್ಬರಿ. ಇದು ಎಣ್ಣೆಯ ಗಾಣಕ್ಕೆ ಹೋಗುವ ಒಡೆದ ಕೊಬ್ಬರಿಯಲ್ಲ. ತಿನ್ನುವುದಕ್ಕೆ, ಪೂಜೆಗೆ, ಮದುವೆ ಹಬ್ಬಗಳಿಗೆ ಬೇಕಾದುದು. ಇದರ ದೊಡ್ಡ ಗಿರಾಕಿಗಳು ಉತ್ತರ ಹಿಂದೂಸ್ಥಾನದವರು. ಆದಕಾರಣ ಅದು ಮುಖ್ಯವಾಗಿ ನೆಲದ ದಾರಿಯ ಸರಕು. 1800–01ರಲ್ಲಿ ಮೈಸೂರು ದೇಶವನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ನನು ಗುಬ್ಬಿ, ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳ ಮೂಲಕ ಹಾದುಹೋದಾಗ ಈ ಕಡೆಯ ತೆಂಗು ಅಡಕೆಗಳ ತೋಟಗಳನ್ನು ಕಂಡು ಬರೆದನು. ಆ ಕಾಲದಲ್ಲಿ ಸರಕು ಸಾಗುತ್ತಿದ್ದುದು ಹೇರೆತ್ತುಗಳ ಬೆನ್ನಿನ ಮೇಲೆ. 1889ರ ಹೊತ್ತಿಗೆ ಬೆಂಗಳೂರಿನಿಂದ ಹರಿಹರದವರೆಗೆ ರೈಲು ಹಳಿ ಮುಗಿದು, ತಿಪಟೂರು ಆ ದಾರಿಯ ಮೇಲಿನ ನಿಲ್ದಾಣವಾದ ಮೇಲೆ ಅಲ್ಲಿಯ ಮಂಡಿ ಬೆಳೆಯಿತು.

ಹೀಗೆ ನೆಲದ ದಾರಿಯನ್ನೇ ಹಿಡಿದ ಈ ಸರಕಿಗೂ ಕಡಲಿಗೂ ಸಂಬಂಧವೇನು? ಸಂಬಂಧವು ತೆಂಗಿನ ಮರದಿಂದಲೇ ಆರಂಭವಾಗುತ್ತದೆ.

ಹಿಂದೂ ಮಹಾಸಾಗರದ ಹಳೆಯ ಹಡಗುಗಳಿಗೆ ಕಬ್ಬಿಣದ ಮೊಳೆಗಳಿರಲಿಲ್ಲ. ಹಲಗೆಗಳ ಅಂಚಿನಲ್ಲಿ ರಂಧ್ರ ಕೊರೆದು, ತೆಂಗಿನ ನಾರಿನ ಹುರಿಯಿಂದ ಅವನ್ನು ಒಂದಕ್ಕೊಂದು ಹೊಲಿಯುತ್ತಿದ್ದರು. ಹತ್ತನೆಯ ಶತಮಾನದ ಅರಬ್ ಲೇಖಕನಾದ ಅಬೂ ಜೈದನು ಒಂದು ಸೊಗಸಾದ ಸಂಗತಿಯನ್ನು ಹೇಳುತ್ತಾನೆ. ಒಮಾನಿನ ಜನರು ಬಡಗಿಯ ಉಪಕರಣಗಳನ್ನು ಹಿಡಿದು ತೆಂಗು ಬೆಳೆಯುವ ದ್ವೀಪಗಳಿಗೆ ಹೋಗುವರಂತೆ. ಮರವನ್ನು ಕಡಿದು ಹಲಗೆ ಮಾಡುವರು. ಮಟ್ಟೆಯ ನಾರನ್ನು ಹೊಸೆದು ಆ ಹಲಗೆಗಳನ್ನು ಹೊಲಿಯುವರು. ಅದೇ ಮರದಿಂದ ಕೂವೆಯನ್ನು ನಿಲ್ಲಿಸುವರು. ಗರಿಗಳನ್ನು ಹೆಣೆದು ಹಾಯಿ ಮಾಡುವರು. ಕೊನೆಗೆ ತೆಂಗಿನ ಕಾಯಿಗಳನ್ನೇ ತುಂಬಿಕೊಂಡು ಊರಿಗೆ ಮರಳುವರು. ಹಡಗೂ ತೆಂಗು, ಸರಕೂ ತೆಂಗು! ಕಲ್ಪವೃಕ್ಷವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ದೊರೆಯಲಾರದು.

ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಹೊರ್ಮುಜಿನ ರೇವಿನಲ್ಲಿ ಇಂತಹ ಹಡಗುಗಳನ್ನು ಕಂಡ ಮಾರ್ಕೊ ಪೋಲೋ ಅವನ್ನು ಹಳಿದನು. ಅವು ಅಪಾಯಕರವೆಂದೂ ಬಹುಮಂದಿಯನ್ನು ಮುಳುಗಿಸುವುವೆಂದೂ ಬರೆದನು. ಅವನ ತರುವಾಯ ನಮ್ಮ ಹೊನ್ನಾವರ, ಮಂಗಳೂರುಗಳನ್ನು ನೋಡಿಹೋದ ಇಬ್ನ್ ಬತೂತನ ಅಭಿಪ್ರಾಯ ಬೇರೆ. ಮೊಳೆ ಹೊಡೆದ ಹಡಗು ಬಂಡೆಗೆ ತಗುಲಿದರೆ ಒಡೆಯುವುದು. ಹೊಲಿದ ಹಡಗು ಬಾಗಿ ಬಳುಕಿ ಉಳಿಯುವುದು ಎಂದು ಅವನ ಮತ. ಇಬ್ಬರ ಮಾತಿನಲ್ಲಿಯೂ ಸತ್ಯವುಂಟು. ತೆಂಗಿನ ನಾರು ಉಪ್ಪುನೀರಿಗೆ ಬೇಗನೆ ಕೊಳೆಯದು, ನೀರಿನಲ್ಲಿ ತೇಲುವುದು, ಎಳೆದರೆ ಹಿಗ್ಗುವುದು. ಆದರೆ ಹೊಲಿದ ಒಡಲು ಭಾರವಾದ ತೋಪುಗಳನ್ನು ಹೊರಲಾರದು. 1498ರಲ್ಲಿ ಪೋರ್ಚುಗೀಸರು ಬಂದ ಮೇಲೆ ಮೊಳೆಯ ಹಡಗುಗಳು ಈ ತೀರದಲ್ಲಿಯೂ ಹೆಚ್ಚಿದುದಕ್ಕೆ ಇದೂ ಒಂದು ಕಾರಣ. ಆ ಹುರಿಯು ಕರಾವಳಿಯದು, ದ್ವೀಪಗಳದು. ನಮ್ಮ ಬಯಲುಸೀಮೆಯದಲ್ಲವೆಂಬುದನ್ನು ಮಾತ್ರ ಇಲ್ಲಿ ಹೇಳಬೇಕು.

ಕರಾವಳಿಯ ಕನ್ನಡಿಗರಿಗೆ ಪರಿಚಿತವಾದ ಹಾಯಿಯ ಸರಕು ಹಡಗುಗಳು ಪತ್ತೇಮಾರಿ, ಮಚ್ವೆ, ಮಂಜಿ ಮೊದಲಾದುವು. ಮಂಗಳೂರಿನ ಹೆಂಚು ಪತ್ತೇಮಾರಿಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಮಂಗಳೂರಿನ ಹಳೆಯ ಬಂದರಿನಿಂದ ಮಂಜಿಗಳು ಅಕ್ಕಿ, ತರಕಾರಿ, ಕಟ್ಟಡದ ಸಾಮಾನುಗಳನ್ನು ಹೊತ್ತು ಲಕ್ಷದ್ವೀಪಗಳಿಗೆ ಹೋಗಿ, ಮರಳುವಾಗ ಕೊಬ್ಬರಿಯನ್ನೂ ನಾರನ್ನೂ ತರುತ್ತಿದ್ದುವು. ಈ ವ್ಯಾಪಾರದಲ್ಲಿ ಒಂದು ಕಹಿಯಾದ ಅಧ್ಯಾಯವಿದೆ. ಲಕ್ಷದ್ವೀಪಗಳಲ್ಲಿ ಅಮಿನ್‌ದೀವಿ ಎಂಬ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅಲ್ಲಿಯವರು ಹೊಸೆದ ಹುರಿಯನ್ನು ಸರ್ಕಾರಕ್ಕೇ ಮಾರಬೇಕೆಂಬ ಕಟ್ಟಳೆ ಬಹುಕಾಲ ನಡೆಯಿತು; ಬದಲಾಗಿ ಅವರಿಗೆ ಮಂಗಳೂರಿನ ಅಕ್ಕಿ ದೊರೆಯುತ್ತಿತ್ತು. ಹುರಿಯ ಬೆಲೆಯನ್ನು ಗೊತ್ತುಮಾಡುವವರೂ ಅವರೇ, ಅಕ್ಕಿಯ ಬೆಲೆಯನ್ನು ಗೊತ್ತುಮಾಡುವವರೂ ಅವರೇ. ಕೊಳ್ಳುವವನು ಒಬ್ಬನೇ ಆದಾಗ ಬೆಳೆದವನ ಗತಿ ಏನಾಗುವುದೆಂಬುದಕ್ಕೆ ಈ ದ್ವೀಪಗಳ ಚರಿತ್ರೆಯೇ ಸಾಕ್ಷಿ.

ಇನ್ನು ಮೈಸೂರಿನ ಮಾತು. 1763ರಲ್ಲಿ ಬಿದನೂರು ಹೈದರಾಲಿಯ ವಶವಾದುದರಿಂದ ಮೈಸೂರಿಗೆ ಕಡಲತೀರ ಲಭಿಸಿತು. ಟಿಪ್ಪುವು ಮಸ್ಕತಿನಲ್ಲಿ ವ್ಯಾಪಾರದ ಕೋಠಿಯನ್ನು ಇಟ್ಟಿದ್ದನು. 1786ರಲ್ಲಿ ತುರ್ಕಿಗೆ ಅವನು ಕಳುಹಿದ ರಾಯಭಾರವು ಉತ್ತರ ಕನ್ನಡದ ತದಡಿಯ ರೇವಿನಿಂದ ಹೊರಟಾಗ ಹಡಗುಗಳಲ್ಲಿ ಮೆಣಸು, ಏಲಕ್ಕಿ, ಶ್ರೀಗಂಧಗಳೂ ಇದ್ದುವು. ರಾಯಭಾರಿಯೂ ಸರಕೂ ಒಂದೇ ಹಡಗಿನಲ್ಲಿ! 1799ರಲ್ಲಿ ಕೆನರಾ ಸೀಮೆಯು ಇಂಗ್ಲಿಷರಿಗೆ ಹೋಯಿತು. ಮೈಸೂರು ಸಂಸ್ಥಾನ ಕಡಲಿಲ್ಲದ ನಾಡಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಎಂದರೆ 1912ರಿಂದ 1918ರ ಒಳಗೆ, ಭಟ್ಕಳದಲ್ಲಿ ಬಂದರನ್ನು ಕಟ್ಟಿ ಸಂಸ್ಥಾನಕ್ಕೆ ರೈಲಿನಿಂದ ಜೋಡಿಸಬೇಕೆಂಬ ಯೋಚನೆ ನಡೆದಿತ್ತು. ಅದು ಕೈಗೂಡಲಿಲ್ಲ. ಕಡಲ ಬಾಗಿಲು ಪರರ ಕೈಯಲ್ಲಿದ್ದರೆ ಒಳನಾಡಿನ ಸರಕಿಗೆ ಬೆಲೆ ಕಟ್ಟುವವರೂ ಪರರೇ ಎಂಬುದನ್ನು ಆ ಹಿರಿಯರು ಅರಿತಿದ್ದರು.

ಹತ್ತೊಂಬತ್ತನೆಯ ಶತಮಾನದಲ್ಲಿ ಹೊಗೆಹಡಗು ಬಂದಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಹೊಗೆಹಡಗಿನ ಜಯ ಸ್ಥಿರವಾಯಿತು. ಗಾಳಿಯನ್ನು ನಂಬಿದ ಹಾಯಿಯ ಹಡಗಿಗೆ ಆ ಕಿರಿದಾದ ಕಾಲುವೆಯೂ ಕೆಂಪು ಸಮುದ್ರವೂ ಅನುಕೂಲವಾಗಿರಲಿಲ್ಲ. ಆವಿಯ ಬಲದಿಂದ ವ್ಯಾಪಾರದ ಹಡಗುಗಳಲ್ಲಿ ಎರಡು ದೊಡ್ಡ ವರ್ಗಗಳಾದುವು. ಒಂದು ಲೈನರ್: ಗೊತ್ತಾದ ದಿನ, ಗೊತ್ತಾದ ರೇವು, ಗೊತ್ತಾದ ಬಾಡಿಗೆ. ನಮ್ಮ ಊರಿನ ಬಸ್ಸಿನಂತೆ, ತುಂಬಿದರೂ ತುಂಬದಿದ್ದರೂ ಹೊರಡುವುದು. ಇನ್ನೊಂದು ಟ್ರ್ಯಾಂಪ್, ಅಲೆಮಾರಿ ಹಡಗು: ಎಲ್ಲಿ ಸರಕು ಸಿಕ್ಕಿತೋ ಅಲ್ಲಿಗೆ, ಎಷ್ಟಕ್ಕೆ ಒಪ್ಪಿಗೆಯಾಯಿತೋ ಅಷ್ಟಕ್ಕೆ. ಬೆಲೆಬಾಳುವ ಕಾಫಿ, ಏಲಕ್ಕಿ, ಜವಳಿಗಳು ಲೈನರನ್ನು ಹಿಡಿದುವು. ಕಲ್ಲಿದ್ದಲು, ಗೋಧಿ, ಅಕ್ಕಿಗಳು ಅಲೆಮಾರಿಯನ್ನು ಹಿಡಿದುವು. ಮಂಗಳೂರಿನ ಅಳಿವೆಯು ಆಳವಿಲ್ಲದುದರಿಂದ ಸ್ಟೀಮರುಗಳು ದೂರದಲ್ಲಿಯೇ ಲಂಗರು ಹಾಕುತ್ತಿದ್ದುವು. ಸರಕೆಲ್ಲ ದೋಣಿಗಳಲ್ಲಿ ಹೋಗಿ ಏರಬೇಕು. ಮಳೆಗಾಲದಲ್ಲಿ ಆ ವ್ಯವಹಾರವೂ ನಿಲ್ಲುತ್ತಿತ್ತು. ಈ ಲೈನರುಗಳ ಒಡೆತನ ಬಹುಮಟ್ಟಿಗೆ ಇಂಗ್ಲಿಷ್ ಕಂಪೆನಿಗಳದು. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪೆನಿಯ ‘ಲಾಯಲ್ಟಿ’ ಎಂಬ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟುದನ್ನು ಭಾರತೀಯರು ಅಭಿಮಾನದಿಂದ ನೆನೆಯುವುದು ಆದಕಾರಣವೇ.

ಈಗ ಕೊಬ್ಬರಿಗೆ ಮರಳೋಣ. ಲೋಕದ ಮಾರುಕಟ್ಟೆಯಲ್ಲಿ ತೆಂಗು ಯಾವ ರೂಪದಲ್ಲಿ ಸಾಗಬೇಕೆಂಬ ಪ್ರಶ್ನೆಯೇ ಒಂದು ಚರಿತ್ರೆ. ಇಡೀ ಕಾಯನ್ನು ಸಾಗಿಸಿದರೆ ಹಡಗಿನ ಒಡಲಿನಲ್ಲಿ ಅರ್ಧ ಜಾಗ ಮಟ್ಟೆಗೂ ನೀರಿಗೂ ವ್ಯರ್ಥ. ಆದುದರಿಂದ ಪೆಸಿಫಿಕ್ ದ್ವೀಪಗಳಿಂದ ಮೊದಲು ಎಣ್ಣೆಯನ್ನು ಪೀಪಾಯಿಗಳಲ್ಲಿ ತುಂಬಿ ಯೂರೋಪಿಗೆ ಕಳುಹಿಸುತ್ತಿದ್ದರು. ಪೀಪಾಯಿ ಸೋರುವುದು, ಎಣ್ಣೆ ಕಮಟುವುದು. 1860ರ ದಶಕದ ಕೊನೆಯ ವೇಳೆಗೆ ಸಮೋವಾ ದ್ವೀಪದಲ್ಲಿ ವ್ಯಾಪಾರ ಮಾಡುತ್ತಿದ್ದ ಹ್ಯಾಂಬುರ್ಗಿನ ಗೋಡೆಫ್ರಾಯ್ ಸಂಸ್ಥೆಯವರು ಉಪಾಯವನ್ನು ಬದಲಿಸಿದರು. ದ್ವೀಪದವರು ತಿರುಳನ್ನು ಬಿಸಿಲಿನಲ್ಲಿ ಒಣಗಿಸಿ ಕೊಟ್ಟರೆ ಸಾಕು. ಎಣ್ಣೆಯನ್ನು ಯೂರೋಪಿನ ಯಂತ್ರಗಳೇ ತೆಗೆಯುವುವು, ಹಿಂಡಿಯೂ ಅಲ್ಲಿಯ ದನಗಳಿಗೆ ಆಗುವುದು. ಹಡಗಿಗೆ ಇದು ಸುಲಭ, ಗಿರಣಿಯವನಿಗೆ ಲಾಭ. ಆದರೆ ದ್ವೀಪದವನು ಎಣ್ಣೆ ಮಾಡುವ ಕಸುಬನ್ನು ಕಳೆದುಕೊಂಡು ಬರಿಯ ತಿರುಳು ಒಣಗಿಸುವವನಾದನು.

ಕೊಬ್ಬರಿ ಹಡಗಿಗೆ ಸುಖದ ಸರಕೂ ಅಲ್ಲ. ಚೆನ್ನಾಗಿ ಒಣಗದೆ ತುಂಬಿದರೆ ಬೂಷ್ಟು ಹಿಡಿದು, ಒಳಗಿನ ಎಣ್ಣೆ ಗಾಳಿಯೊಡನೆ ಸೇರಿ ಕಾವೇರುವುದು. ಹೊರಗಿನ ಕಿಡಿಯಿಲ್ಲದೆ ತಾನಾಗಿ ಹೊತ್ತಿಕೊಳ್ಳುವುದೂ ಉಂಟು. ಅಂತರರಾಷ್ಟ್ರೀಯ ನೌಕಾ ನಿಯಮಗಳು ಅದನ್ನು ಅಪಾಯಕರ ಸರಕುಗಳ ಪಟ್ಟಿಯಲ್ಲಿ 1363 ಎಂಬ ಸಂಖ್ಯೆ ಕೊಟ್ಟು ಇರಿಸಿವೆ. ನಮ್ಮ ಅಡಿಗೆಮನೆಯ ಡಬ್ಬಿಯಲ್ಲಿ ಸಾಧುವಾಗಿ ಕುಳಿತಿರುವ ಕೊಬ್ಬರಿ ಹಡಗಿನ ಒಡಲಿನಲ್ಲಿ ಬೆಂಕಿಯ ಭಯ! ಗಾಳಿಯಾಡಿಸುತ್ತ, ಕಾವನ್ನು ಅಳೆಯುತ್ತ, ಕೊಬ್ಬರಿಯ ಹುಳುಗಳ ಕಾಟವನ್ನು ಸಹಿಸುತ್ತ ನಾವಿಕರು ಪ್ರಯಾಣ ಮುಗಿಸಬೇಕು. ಅಟ್ಟದ ಮೇಲೆ ವರ್ಷವೆಲ್ಲ ಕಾಯುವ ನಮ್ಮ ರೈತನ ತಾಳ್ಮೆಗೆ ಇದರಿಂದ ಹೊಸ ಅರ್ಥ ಬರುತ್ತದೆ.

ದ್ರವವನ್ನು ಪೀಪಾಯಿಯಿಲ್ಲದೆ ಹಡಗಿನ ಒಡಲಿನಲ್ಲಿಯೇ ತುಂಬುವ ಟ್ಯಾಂಕರ್ ಎಂಬ ಜಾತಿಯು ಸೀಮೆಎಣ್ಣೆಯ ವ್ಯಾಪಾರಕ್ಕಾಗಿ ಹುಟ್ಟಿತು. 1886ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ ‘ಗ್ಲೂಕೌಫ್’ ಎಂಬುದನ್ನು ಇಂದಿನ ಟ್ಯಾಂಕರುಗಳ ಮೂಲವೆಂದು ಎಣಿಸುವರು. ಬೆಂಕಿಯ ಭಯದಿಂದ ಒಡಲನ್ನು ಹಲವು ಕೋಣೆಗಳಾಗಿ ಭಾಗಿಸುವುದು, ಯಂತ್ರವನ್ನು ಹಿಂಬದಿಗೆ ಇಡುವುದು ಇದರ ಕ್ರಮ. ತರುವಾಯ ತಿನ್ನುವ ಎಣ್ಣೆಗಳೂ ಟ್ಯಾಂಕರನ್ನೇರಿದುವು. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಅಂತಹ ಹಡಗುಗಳಲ್ಲಿ ಎಣ್ಣೆಯನ್ನು ಬೆಚ್ಚಗಿಡುವ ಕೊಳವೆಗಳಿರಬೇಕು. 1970ರ ದಶಕದಲ್ಲಿ ಫಿಲಿಪೈನ್ ದೇಶದವರು ಕೊಬ್ಬರಿ ಮಾರುವುದನ್ನು ಕಡಿಮೆಮಾಡಿ, ಗಿರಣಿಗಳನ್ನು ತಮ್ಮಲ್ಲಿಯೇ ಕಟ್ಟಿ, ಎಣ್ಣೆಯನ್ನು ಟ್ಯಾಂಕರುಗಳಲ್ಲಿ ಕಳುಹಿಸತೊಡಗಿದರು. ನೂರು ವರ್ಷಗಳ ಹಿಂದೆ ದ್ವೀಪಗಳನ್ನು ಬಿಟ್ಟುಹೋದ ಕಸುಬು ತೆಂಗಿನ ನಾಡಿಗೆ ಮರಳಿತು.

ಆದರೆ ಟ್ಯಾಂಕರ್ ತೆಂಗಿಗೆ ಮಿತ್ರನಷ್ಟೇ ಅಲ್ಲ, ಶತ್ರುವೂ ಹೌದು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಸಿಂಹಳದ ಕೊಬ್ಬರಿಯೂ ಎಣ್ಣೆಯೂ ನಮ್ಮ ರೇವುಗಳಲ್ಲಿ ಬಂದಿಳಿದು, ಪಶ್ಚಿಮ ತೀರದ ಬೆಳೆಗಾರರು ಗೋಳಾಡಿದರು; 1944ರಲ್ಲಿ ತೆಂಗಿಗೆಂದೇ ಒಂದು ಶಾಸನವಾಗಿ, ಮರುವರ್ಷ ಒಂದು ಕೇಂದ್ರ ಸಮಿತಿ ಏರ್ಪಟ್ಟಿತು. 1994ರಲ್ಲಿ ತಾಳೆಯೆಣ್ಣೆಯ ಆಮದಿಗೆ ಬಾಗಿಲು ತೆರೆದ ಮೇಲೆ ಇಂಡೊನೇಶಿಯ, ಮಲೇಶಿಯಗಳಿಂದ ಟ್ಯಾಂಕರುಗಳು ಸಾಲುಗಟ್ಟಿ ಬರತೊಡಗಿದುವು. ಅಗ್ಗದ ಎಣ್ಣೆ ಬಂದರೆ ಗಾಣದ ಕೊಬ್ಬರಿಯ ಬೆಲೆ ತಗ್ಗುವುದು. ಅದು ತಗ್ಗಿದರೆ ಕಾಯಿಯ ಬೆಲೆಯೂ ಮೆತ್ತಗಾಗುವುದು. ಕೊನೆಗೆ ತಿನ್ನುವ ಉಂಡೆ ಕೊಬ್ಬರಿಯೂ ಆ ಗಾಳಿಯಿಂದ ಪೂರ್ತಿಯಾಗಿ ತಪ್ಪಿಸಿಕೊಳ್ಳಲಾರದು. 2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆಯನ್ನು ಸಾರಿದ್ದರೂ ಮಾರುಕಟ್ಟೆಯ ಬೆಲೆ ಬಹಳ ಕೆಳಗಿಳಿದು, ತಿಪಟೂರಿನ ಬೆಳೆಗಾರರು ಬೀದಿಗಿಳಿದುದನ್ನು ಶ್ರೋತೃಗಳು ಮರೆತಿರಲಾರರು. ಇದಕ್ಕೆಲ್ಲ ಹಡಗೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಮಳೆಯುಂಟು, ರೋಗವುಂಟು, ಗಿರಾಕಿಯ ಮನಸ್ಸುಂಟು. ಆದರೆ ಹಡಗನ್ನು ಬಿಟ್ಟು ಲೆಕ್ಕ ಮಾಡಿದರೆ ಲೆಕ್ಕ ತಪ್ಪುವುದು.

ಮೂರನೆಯ ಜಾತಿಯಾದ ರಾಶಿ ಸರಕಿನ ಹಡಗನ್ನು ಚಿಕ್ಕನಾಯಕನಹಳ್ಳಿಯವರಿಗೆ ನಾವು ಪರಿಚಯ ಮಾಡಿಕೊಡಬೇಕಾಗಿಲ್ಲ. ಆ ತಾಲ್ಲೂಕಿನಲ್ಲಿ ತೋಟದ ಪಕ್ಕದಲ್ಲಿಯೇ ಕಬ್ಬಿಣ, ಮ್ಯಾಂಗನೀಸ್ ಅದಿರಿನ ಗುಡ್ಡಗಳಿವೆ. ಅದಿರಿಗೆ ಚೀಲ ಬೇಡ, ಪೆಟ್ಟಿಗೆ ಬೇಡ; ದೊಡ್ಡ ಬಾಯಿಯ ಒಡಲಿಗೆ ಸುರಿದರಾಯಿತು. ಭಾರ ಹೆಚ್ಚು, ಬೆಲೆ ಕಡಿಮೆ. ಆದುದರಿಂದ ಹಡಗು ದೊಡ್ಡದಾದಷ್ಟೂ ಬಾಡಿಗೆ ಅಗ್ಗ. ಇವುಗಳಲ್ಲಿ ಅತ್ಯಂತ ದೊಡ್ಡವು ಹಳೆಯ ಕಾಲುವೆಗಳಲ್ಲಿ ಹಿಡಿಸದೆ ಆಫ್ರಿಕದ ಭೂಶಿರವನ್ನು ಸುತ್ತಿ ಹೋಗಬೇಕಾದುದರಿಂದ ‘ಕೇಪ್ ಗಾತ್ರ’ದವೆಂದು ಹೆಸರಾದುವು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಚೀಣಾ ದೇಶದ ಉಕ್ಕಿನ ಹಸಿವು ಏರಿದಾಗ ಕರ್ನಾಟಕದ ಅದಿರು ಲಾರಿಗಳಲ್ಲಿ ರೇವುಗಳಿಗೆ ಹರಿಯಿತು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ರಫ್ತನ್ನು ತಡೆಯಿತು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನು ನಿಲ್ಲಿಸಿತು. ದೂರದ ರೇವಿನಲ್ಲಿ ಕಾದುನಿಂತ ಹಡಗಿನ ಹೊಟ್ಟೆ ಎಷ್ಟು ದೊಡ್ಡದೆಂಬುದನ್ನು ಇಲ್ಲಿಯ ಗುಡ್ಡವೂ ಧೂಳು ಕವಿದ ತೆಂಗಿನ ಗರಿಯೂ ಕಂಡುವು.

ಕೊನೆಯದು ಕಂಟೇನರ್ ಹಡಗು. 1956ರ ಏಪ್ರಿಲ್ 26ರಂದು ಮ್ಯಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಒಡೆಯನು ‘ಐಡಿಯಲ್ ಎಕ್ಸ್’ ಎಂಬ ಹಡಗಿನಲ್ಲಿ 58 ದೊಡ್ಡ ಪೆಟ್ಟಿಗೆಗಳನ್ನು ಕಳುಹಿಸಿದನು. ಚೀಲವನ್ನು ಒಂದೊಂದಾಗಿ ಹೊರುವ ಬದಲು, ಲಾರಿಯ ಪೆಟ್ಟಿಗೆಯನ್ನೇ ಎತ್ತಿ ಹಡಗಿನ ಮೇಲಿಡುವುದು, ಇಷ್ಟೇ ಉಪಾಯ. ಅದೇ ವರ್ಷ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಿಂದ ಮೈಸೂರಿಗೆ ಕಡಲತೀರ ಮರಳಿ ದೊರೆಯಿತು. ಪಣಂಬೂರಿನ ನವಮಂಗಳೂರು 1974ರಲ್ಲಿ ಪ್ರಧಾನ ಬಂದರಾಯಿತು; 1979ರಲ್ಲಿ ಹಾಸನ–ಮಂಗಳೂರು ರೈಲುದಾರಿ ತೆರೆಯಿತು. ಇಂದು ಅತಿ ದೊಡ್ಡ ಕಂಟೇನರ್ ಹಡಗುಗಳು ಇಪ್ಪತ್ತಡಿ ಉದ್ದದ ಪೆಟ್ಟಿಗೆಯ ಲೆಕ್ಕದಲ್ಲಿ 24,000ಕ್ಕೂ ಮಿಕ್ಕಿ ಹೊರುವುವು. ಮಾಂಸ ಹಣ್ಣುಗಳಿಗೆ ಶೀತಲ ಹಡಗು, ಮೋಟಾರು ಬಂಡಿಗಳು ತಾವಾಗಿಯೇ ಏರಿ ಇಳಿಯುವ ಹಡಗು ಮುಂತಾದ ಬೇರೆ ಜಾತಿಗಳೂ ಉಂಟು. ಅವನ್ನು ಹೆಸರಿಸಿ ಬಿಡುತ್ತೇವೆ.

ಕಂಟೇನರಿನಿಂದ ಬಯಲುಸೀಮೆಗೆ ಆದ ಉಪಕಾರ ಒಂದು. ಅಲ್ಪ ಸರಕುಳ್ಳವನೂ ಒಂದು ಪೆಟ್ಟಿಗೆಯನ್ನು ತುಂಬಬಲ್ಲನು. ಇಡೀ ಹಡಗು ಬೇಕಾಗಿಲ್ಲ. ಪೆಟ್ಟಿಗೆ ತೋಟದ ಸಮೀಪಕ್ಕೇ ಬರುವುದು. ಉಂಡೆ ಕೊಬ್ಬರಿಗಾಗಿ ಒಣಗಿದ ಕಾಯಿಯ ಮಟ್ಟೆಯನ್ನು ಹಿಂದೆ ಒಲೆಗೆ ಹಾಕುತ್ತಿದ್ದರು. ಈಗ ತಿಪಟೂರಿನ ಸುತ್ತಿನ ಕಾರ್ಖಾನೆಗಳು ಅದರಿಂದ ಕಂದು ನಾರನ್ನು ತೆಗೆಯುವುವು. ಉಳಿದ ಹೊಟ್ಟನ್ನು ಅದುಮಿ ಇಟ್ಟಿಗೆ ಮಾಡಿದರೆ ಮಣ್ಣಿನ ಬದಲಿಗೆ ಗಿಡ ಬೆಳೆಸಲು ಪರದೇಶದವರು ಕೊಳ್ಳುವರು. ಕಾಯಿಯನ್ನು ತುರಿದು ಒಣಗಿಸಿದ ಪುಡಿಗೂ ಚಿಪ್ಪಿನ ಇದ್ದಿಲಿಗೂ ಗಿರಾಕಿಯುಂಟು. ಹೊಟ್ಟನ್ನು ಅದುಮುವುದು ಏತಕ್ಕೆ? ಪೆಟ್ಟಿಗೆಯ ಬಾಡಿಗೆ ಒಳಗಿನ ಗಾಳಿಗೂ ಸಲ್ಲುವುದರಿಂದ. ಸಮೋವಾದಲ್ಲಿ ಕಾಯಿ ಕೊಬ್ಬರಿಯಾದುದಕ್ಕೂ, ನಮ್ಮಲ್ಲಿ ಹೊಟ್ಟು ಇಟ್ಟಿಗೆಯಾದುದಕ್ಕೂ ಕಾರಣ ಒಂದೇ: ಹಡಗಿನ ಒಡಲಿನ ಲೆಕ್ಕ.

ಈಗ ಆ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಹಡಗಿನ ಚರಿತ್ರೆಯಿಂದ ತೋಟದವನಿಗೆ ಏನು? ಸರಕು ಯಾವ ರೂಪದಲ್ಲಿ ಊರನ್ನು ಬಿಡುವುದೋ ಆ ರೂಪವನ್ನು ಗೊತ್ತುಮಾಡುವವನಿಗೇ ಲಾಭದ ದೊಡ್ಡ ಪಾಲು ಎಂಬುದು ಈ ಚರಿತ್ರೆಯ ಪಾಠ. ಅಮಿನ್‌ದೀವಿಯವನಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಸಮೋವಾದವನು ಅದನ್ನು ಕಳೆದುಕೊಂಡನು. ಫಿಲಿಪೈನಿನ ಗಿರಣಿಗಳು ಅದನ್ನು ಸ್ವಲ್ಪಮಟ್ಟಿಗೆ ಮರಳಿ ಪಡೆದುವು. ನಮ್ಮ ಸೀಮೆಯವರು ಕಾಯಿಯನ್ನು ಕಾಯಾಗಿಯೇ ಮಾರುವರೋ, ಗಿಟುಕಾಗಿ, ನಾರಾಗಿ, ಪುಡಿಯಾಗಿ ಮಾರುವರೋ, ಮಾರುವಾಗ ಒಬ್ಬೊಬ್ಬರಾಗಿ ಮಂಡಿಯ ಮುಂದೆ ನಿಲ್ಲುವರೋ, ಸಹಕಾರದಿಂದ ಒಟ್ಟಾಗಿ ನಿಲ್ಲುವರೋ, ಅವರೇ ಯೋಚಿಸಬೇಕಾದ ವಿಷಯ.

ಆ ವಿದ್ಯಾರ್ಥಿ ಈಗ ಎಲ್ಲಿರುವನೋ ನಾವು ಅರಿಯೆವು. ತೋಟವನ್ನೇ ನೋಡಿಕೊಂಡಿದ್ದರೆ ಅವನ ಅಟ್ಟದ ಮೇಲೆ ಈ ವರ್ಷದ ಕಾಯಿ ಒಣಗುತ್ತಿರಬಹುದು. ಅದು ಇಳಿಯುವ ದಿನ ಏನು ಬೆಲೆ ಸಿಕ್ಕೀತೆಂದು ಅವನು ಮಂಡಿಯ ಕಡೆ ನೋಡುವನು. ಒಂದು ಕಣ್ಣನ್ನು ಕಡಲಿನ ಕಡೆಗೂ ಇಟ್ಟಿರಲೆಂಬುದೇ ನಮ್ಮ ಬಿನ್ನಹ.